ಒಂದೇ ರಾತ್ರಿಗೆ ಹತ್ತು ಸಲ ಟಿಕೆಟ್

ಜಾಝ್ ಗಿಟಾರಿನ ಲೈವ್ ರೆಕಾರ್ಡು ಕೂಡಿಡುವವರ ಹತ್ತಿರ "ಈ ರೆಕಾರ್ಡು ಹೇಗಿದೆ ಸಾರ್?" ಎಂದು ಕೇಳಿ ನೋಡಿ. ಹೇಗಿದೆ ಎಂದು ಹೇಳುವುದಿಲ್ಲ. "ಯಾವ ಪ್ರೆಸ್ಸಿಂಗು?" ಎಂದು, ಅಂದರೆ ಯಾವ ಸಲದ ಮುದ್ರಣ ಎಂದು, ನಿಮ್ಮನ್ನೇ ಕೇಳುತ್ತಾರೆ.

ಅಮೆರಿಕದ ಗಿಟಾರ್ ವಾದಕ ವೆಸ್ ಮಾಂಟ್‌ಗೊಮರಿಯ 'ಫುಲ್ ಹೌಸ್' ರೆಕಾರ್ಡು ಎಂದಿರೋ, ಶುರುವಾಯಿತು. ರಿವರ್‌ಸೈಡ್ ಕಂಪನಿಯ ಮೋನೋನೋ ಸ್ಟೀರಿಯೋನೋ? ಲೇಬಲ್ಲಿನ ಮೇಲೆ ಗುಂಡಗೆ ತಗ್ಗು ಬಿದ್ದ ಗೆರೆ ಇದೆಯೋ ಇಲ್ಲವೋ? ಜಪಾನಿನದಾದರೆ ಕವರಿಗೆ ಸುತ್ತಿದ ಓಬಿ ಎಂಬ ಕಾಗದದ ಪಟ್ಟಿ ಉಳಿದಿದೆಯೋ, ಹಿಂದಿನ ಮಾಲೀಕ ಹರಿದು ಬಿಸಾಕಿದ್ದಾನೋ? ಪಟ್ಟಿ ಹೋಗಿದ್ದರೆ ಬೆಲೆಯೂ ಇಳಿಯಿತು. ಆ ಪಟ್ಟಿಯಿಂದ ಒಂದು ಸ್ವರವೂ ಹೊರಡುವುದಿಲ್ಲವಲ್ಲ ಎಂದು ನಿಮಗೆ ಅನ್ನಿಸಬಹುದು. ಅನ್ನಬೇಡಿ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಗೊತ್ತಿದ್ದವರು ಇಂಥ ಮನೆಗಳಲ್ಲಿ ಬಾಯಿ ಮುಚ್ಚಿಕೊಂಡಿರುವುದು ಕ್ಷೇಮ.

ನಡೆದದ್ದು ಇಷ್ಟೇ. 1962ರ ಜೂನ್ 25ರಂದು, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಟ್ಸುಬೊ ಎಂಬ ಪುಟ್ಟ ಜಾಗದಲ್ಲಿ ವೆಸ್ ಗಿಟಾರ್ ನುಡಿಸಿದ, ಜಾನಿ ಗ್ರಿಫಿನ್ ಸ್ಯಾಕ್ಸೊಫೋನ್ ಊದಿದ, ವಿಂಟನ್ ಕೆಲ್ಲಿ ಪಿಯಾನೋದಲ್ಲಿ ಜೊತೆ ಕೊಟ್ಟ. ಟೇಪು ಓಡಿತು, ಜನ ಚಪ್ಪಾಳೆ ತಟ್ಟಿ ಎದ್ದು ಹೋದರು. ಅವರು ದುಡ್ಡು ಕೊಟ್ಟದ್ದು ಒಂದು ಸಲ. ನಮ್ಮ ಸಂಗ್ರಾಹಕ ಮಹಾಶಯರು ಅದೇ ರಾತ್ರಿಗೆ ಇವತ್ತಿಗೂ ಟಿಕೆಟ್ ಕೊಳ್ಳುತ್ತಲೇ ಇದ್ದಾರೆ. ಮೊದಲ ಮುದ್ರಣ ಆಯಿತು, ಮರುಮುದ್ರಣ ಆಯಿತು, ಸಿಡಿ ಆಯಿತು, ಸಿಡಿ ಕೊಂಡದ್ದೇ ತಪ್ಪಾಯಿತೆಂದು ಮತ್ತೆ ಎಲ್‌ಪಿ ಎಂಬ ದೊಡ್ಡ ತಟ್ಟೆಯೇ ಆಯಿತು. 2023ರಲ್ಲಿ ಕ್ರಾಫ್ಟ್ ರೆಕಾರ್ಡಿಂಗ್ಸ್‌ನವರು ಇದರದೇ 'ಸಂಪೂರ್ಣ' ಆವೃತ್ತಿ ತಂದರು, ಮೂರು ಎಲ್‌ಪಿಗಳಲ್ಲಿ. 61 ವರ್ಷ ಭಕ್ತಿಯಿಂದ ಕೇಳಿದ್ದು ಅಪೂರ್ಣವೆಂದು ಗೊತ್ತಾದಾಗ ಯಾರಿಗಾದರೂ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮುಂಗಡ ಕಟ್ಟಿದರು.

ಈ ವೆಸ್ ಎಂಬ ಪುಣ್ಯಾತ್ಮ ಇಂಡಿಯಾನಾಪೊಲಿಸ್‌ನಲ್ಲಿ ಹಗಲು ಕಾರ್ಖಾನೆಯಲ್ಲಿ ದುಡಿದು ರಾತ್ರಿ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದವ. ಅಕ್ಕಪಕ್ಕದವರ ನಿದ್ದೆ ಕೆಡದಿರಲೆಂದು ತಂತಿ ಮೀಟುವ ಪ್ಲೆಕ್ಟ್ರಮ್ ಬಿಟ್ಟು ಹೆಬ್ಬೆರಳಿನಲ್ಲೇ ಮೆಲ್ಲಗೆ ಮೀಟುವುದನ್ನು ರೂಢಿ ಮಾಡಿಕೊಂಡನೆಂದು ಹೇಳುತ್ತಾರೆ. ಯಾರಿಗೂ ಕೇಳಿಸದಿರಲಿ ಎಂದು ಅವನು ಹಿಡಿದ ಆ ಹೆಬ್ಬೆರಳು, ಎಷ್ಟು ಸಾವಿರ ಡಾಲರಿನ ಸ್ಪೀಕರಿನಲ್ಲಿ ಎಷ್ಟು ಚೆನ್ನಾಗಿ ಕೇಳಿಸುತ್ತದೆ ಎಂಬುದೇ ಈಗಿನ ಚರ್ಚೆ.

ಇವರು ರೆಕಾರ್ಡು 'ಕೇಳುವ' ಕ್ರಮವನ್ನು ಹತ್ತಿರದಿಂದ ನೋಡಬೇಕು. ಮೊದಲು ಕೈ ತೊಳೆಯುವುದು. ತಟ್ಟೆಯ ಅಂಚನ್ನು ಎರಡು ಅಂಗೈಗಳ ನಡುವೆ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ ಗೀರು ಹುಡುಕುವುದು. ಆಮೇಲೆ ಬ್ರಷ್ಷು. ಆಮೇಲೆ ಟಾರ್ಚು, ಭೂತಗನ್ನಡಿ. ಹಾಡು ಮುಗಿದು ಲೇಬಲ್ಲು ಶುರುವಾಗುವ ನಡುವೆ ಒಂದು ಬೋಳು ಜಾಗ ಇರುತ್ತದಲ್ಲ, ಇಡೀ ತಟ್ಟೆಯಲ್ಲಿ ಸಂಗೀತವೇ ಇಲ್ಲದ ಏಕೈಕ ಜಾಗ, ಅಲ್ಲಿಗೆ ಇವರ ಮೂಗು ತಾಗುತ್ತದೆ. ಕೆನ್ನಿ ಬರೆಲ್ ಎಂಬ ಇನ್ನೊಬ್ಬ ಗಿಟಾರ್ ವಾದಕ 1959ರಲ್ಲಿ ನ್ಯೂಯಾರ್ಕಿನ ಫೈವ್ ಸ್ಪಾಟ್ ಕೆಫೆಯಲ್ಲಿ ನುಡಿಸಿದ, ಬ್ಲೂ ನೋಟ್ ಕಂಪನಿಯ ರೆಕಾರ್ಡು ಎಂದಿಟ್ಟುಕೊಳ್ಳಿ. ಆ ಬೋಳು ಜಾಗದಲ್ಲಿ ರೂಡಿ ವ್ಯಾನ್ ಗೆಲ್ಡರ್ ಎಂಬ ಎಂಜಿನಿಯರನ ಗುರುತು ಇರಬೇಕು, ಪಕ್ಕದಲ್ಲಿ ಕಿವಿಯ ಆಕಾರದ ಇನ್ನೊಂದು ಗುರುತೂ ಇರಬೇಕು. ಆ ಕಿವಿ ರೆಕಾರ್ಡು ಒತ್ತಿದ ಪ್ಲಾಸ್ಟಿಲೈಟ್ ಕಾರ್ಖಾನೆಯದು. ತಟ್ಟೆಗೆ ಕಿವಿ ಇದ್ದರೆ ಸಾಕು, ಕೊಂಡವರಿಗೆ ಇರಲೇಬೇಕೆಂದಿಲ್ಲ.

ವ್ಯಾನ್ ಗೆಲ್ಡರ್ ಮೂಲದಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುತ್ತಿದ್ದವನು. ತನ್ನ ಗುರುತು ಹುಡುಕುತ್ತ ಇಷ್ಟು ಜನ ಕಣ್ಣು ಕಿರಿದು ಮಾಡುತ್ತಾರೆಂದು ಗೊತ್ತಿದ್ದರೆ ಆ ಅಂಗಡಿ ಮುಚ್ಚುತ್ತಿರಲಿಲ್ಲವೇನೋ. ಇದೇ ಮನುಷ್ಯ 1995ರ ಒಂದು ಸಂದರ್ಶನದಲ್ಲಿ, ಧ್ವನಿಯನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದೇ ಎಲ್‌ಪಿ, ಅದು ತೊಲಗಿದ್ದು ಒಳ್ಳೆಯದಾಯಿತು ಎಂಬರ್ಥದ ಮಾತು ಆಡಿದ್ದ. ದೇವರೇ ಗುಡಿಯಿಂದ ಎದ್ದು ಬಂದು "ನನಗೆ ಈ ಗುಡಿ ಹಿಡಿಸುವುದಿಲ್ಲ" ಎಂದರೂ ಭಕ್ತರು ಪ್ರದಕ್ಷಿಣೆ ನಿಲ್ಲಿಸಲಿಲ್ಲ.

ಲೈವ್ ರೆಕಾರ್ಡೇ ಯಾಕೆ ಬೇಕು? ಅದರಲ್ಲಿ ಮೋಸವಿಲ್ಲ, ಆ ರಾತ್ರಿಯ ಗಾಳಿ ಇದೆ, ಗ್ಲಾಸು ತಾಗಿದ ಸದ್ದಿದೆ ಎನ್ನುತ್ತಾರೆ. ಸರಿ, 'ಸ್ಮೋಕಿನ್ ಅಟ್ ದಿ ಹಾಫ್ ನೋಟ್' ತೆಗೆದುಕೊಳ್ಳೋಣ. ವೆಸ್ 1965ರಲ್ಲಿ ನ್ಯೂಯಾರ್ಕಿನ ಹಾಫ್ ನೋಟ್ ಕ್ಲಬ್ಬಿನಲ್ಲಿ ನುಡಿಸಿದ್ದು ಎಂದು ಜಗತ್ತೆಲ್ಲ ಕೊಂಡಾಡುವ ರೆಕಾರ್ಡು. ಐದು ಹಾಡುಗಳಲ್ಲಿ ಎರಡು ಮಾತ್ರ ಕ್ಲಬ್ಬಿನವು. ಉಳಿದ ಮೂರು ಕೆಲವು ತಿಂಗಳ ನಂತರ ಇದೇ ವ್ಯಾನ್ ಗೆಲ್ಡರನ ಸ್ಟುಡಿಯೋದಲ್ಲಿ ಬಾಗಿಲು ಹಾಕಿಕೊಂಡು ನುಡಿಸಿದವು. ಕ್ಲಬ್ಬಿನಲ್ಲಿ ನುಡಿಸಿದ ಬೇರೆ ಹಾಡುಗಳು ಏನಾದವು? 1968ರಲ್ಲಿ ವೆಸ್ ತೀರಿಕೊಂಡ ಮೇಲೆ ಕಂಪನಿಯವರು ಅವುಗಳಲ್ಲಿ ಕೆಲವಕ್ಕೆ ಹಿತ್ತಾಳೆ ವಾದ್ಯಗಳ ಮೇಳ ಅಂಟಿಸಿ 'ವಿಲೋ ವೀಪ್ ಫಾರ್ ಮಿ' ಎಂದು ಮಾರಿದರು. ಮುಂದೆ ಮೇಳವನ್ನು ಕಿತ್ತು, ಇಗೋ ಶುದ್ಧ ರೂಪ ಎಂದು ಇನ್ನೊಂದು ಸಲ ಮಾರಿದರು. ಸೇರಿಸಿದ್ದಕ್ಕೆ ಒಂದು ಬೆಲೆ, ತೆಗೆದದ್ದಕ್ಕೆ ಇನ್ನೊಂದು. ಎರಡೂ ಇಲ್ಲದ ಕಪಾಟು ಕಪಾಟೇ ಅಲ್ಲ.

1980ರ ಡಿಸೆಂಬರ್ 5ರ ಶುಕ್ರವಾರ ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ಥಿಯೇಟರಿನಲ್ಲಿ ಪಾಕೊ ದೆ ಲುಸಿಯಾ, ಆಲ್ ಡಿ ಮಿಯೋಲಾ, ಜಾನ್ ಮೆಕ್‌ಲಾಫ್ಲಿನ್ ಎಂಬ ಮೂವರು ಗಿಟಾರ್ ವಾದಕರು ಒಟ್ಟಿಗೆ ನುಡಿಸಿದ್ದರ ರೆಕಾರ್ಡು ಇನ್ನೊಂದು ತೀರ್ಥಕ್ಷೇತ್ರ. ಸ್ಪೀಕರು ತೋರಿಸುವವರೆಲ್ಲ ಹಾಕುವುದು ಅದನ್ನೇ. ಎಡಕ್ಕೆ ಪಾಕೊ, ಬಲಕ್ಕೆ ಡಿ ಮಿಯೋಲಾ, ನಡುವೆ ಕೂತವರಿಗೆ ಪುಳಕ. (ಒಪ್ಪಿಕೊಳ್ಳಲೇಬೇಕು, ಪುಳಕ ಸುಳ್ಳಲ್ಲ.) ಅದರ ಕೊನೆಯ ಹಾಡು 'ಗಾರ್ಡಿಯನ್ ಏಂಜಲ್' ಮಾತ್ರ ಸ್ಟುಡಿಯೋದ್ದು. ಆದರೂ ಆ ಶುಕ್ರವಾರ ಒತ್ತಿ ಒತ್ತಿ ಸವೆಯಿತೆಂದು ಕಾಣುತ್ತದೆ, 2022ರಲ್ಲಿ ಮರುದಿನದ ಶನಿವಾರವೂ ರೆಕಾರ್ಡಾಗಿ ಹೊರಬಂತು. ಆ ವಾರದ ಉಳಿದ ದಿನಗಳಿಗೆ ಕಪಾಟಿನಲ್ಲಿ ಜಾಗ ಬಿಟ್ಟುಕೊಂಡು ಕೂತವರೂ ಇರಬಹುದು.

ಈ ಧರ್ಮದ ಮೂಲಮಂತ್ರ ಒಂದೇ: ಮೂಲ ಟೇಪಿನಿಂದ ಮುಳ್ಳಿನವರೆಗೆ ಎಲ್ಲವೂ ಅನಲಾಗ್ ಆಗಿರಬೇಕು, ನಡುವೆ ಎಲ್ಲಿಯೂ ಸದ್ದನ್ನು ಅಂಕಿಗಳಾಗಿಸುವ ಡಿಜಿಟಲ್ ಸೋಕಬಾರದು. ಸೋಕಿದರೆ ಮೊದಲ ಸ್ವರದಲ್ಲೇ ಗೊತ್ತಾಗುತ್ತದೆ, ಕಿವಿಯಲ್ಲಿ ಮರಳು ಸುರಿದಂತಾಗುತ್ತದೆ ಎಂದು ಎದೆ ತಟ್ಟಿ ಹೇಳುತ್ತಿದ್ದರು. ಮೊಬೈಲ್ ಫಿಡೆಲಿಟಿ ಎಂಬ ಅಮೆರಿಕದ ಕಂಪನಿ ಈ ಮಡಿವಂತರಿಗಾಗಿಯೇ ಜಾಝು, ರಾಕ್ ಎಲ್ಲದರ ಮರುಮುದ್ರಣ ತಂದು, ಪೆಟ್ಟಿಗೆಯಲ್ಲಿಟ್ಟು, 125 ಡಾಲರಿಗೆ ಒಂದರಂತೆ ಮಾರುತ್ತಿತ್ತು. 2022ರ ಬೇಸಿಗೆಯಲ್ಲಿ ಒಂದು ರೆಕಾರ್ಡು ಅಂಗಡಿಯವನಿಗೆ ಅನುಮಾನ ಬಂತು. ಕಿವಿಯಿಂದ ಬಂದ ಅನುಮಾನವಲ್ಲ. ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್' ಅನ್ನು 40,000 ಪ್ರತಿ ಹಾಕುತ್ತೇವೆ ಎಂದರಲ್ಲ, ಅಷ್ಟಕ್ಕೆ ಬೇಕಾದ ಅಚ್ಚುಗಳನ್ನು ಕೊರೆಯಲು ಮೂಲ ಟೇಪನ್ನು ಮತ್ತೆ ಮತ್ತೆ ಓಡಿಸಲು ಯಾರು ಬಿಡುತ್ತಾರೆ ಎಂಬ ಶುದ್ಧ ವ್ಯಾಪಾರಿ ಲೆಕ್ಕ. ಕೊನೆಗೆ ಕಂಪನಿಯ ಎಂಜಿನಿಯರುಗಳೇ ಒಪ್ಪಿಕೊಂಡರು: ನಡುವೆ ಡಿಜಿಟಲ್ ಇದೆ. ನಿನ್ನೆ ಮೊನ್ನೆಯದಲ್ಲ, 2011ರಿಂದಲೂ ಇದೆ.

ಹತ್ತು ವರ್ಷಕ್ಕೂ ಮೇಲೆ ಮರಳು ಸುರಿಯುತ್ತಲೇ ಇತ್ತು. ಯಾರೊಬ್ಬರೂ ಕಿವಿ ಕೆರೆದುಕೊಂಡಿರಲಿಲ್ಲ. ಬದಲಿಗೆ "ನೋಡಿ, ಅನಲಾಗ್ ಅಂದರೆ ಇದು" ಎಂದು ಬಂದವರಿಗೆಲ್ಲ ಅದನ್ನೇ ಕೇಳಿಸಿದ್ದರು. ವಿಷಯ ಹೊರಬಿದ್ದ ಮರುದಿನ ಮಾತ್ರ "ನನಗೆ ಆಗಲೇ ಏನೋ ಅನ್ನಿಸಿತ್ತು" ಎನ್ನುವವರ ಸಂಖ್ಯೆ ಏರಿತು.

ಮೊಕದ್ದಮೆ ಹೂಡಿದರು. ರಾಜಿಯ ಮೊತ್ತ 2.5 ಕೋಟಿ ಡಾಲರ್. ಕೊಂಡವರ ಮುಂದೆ ಆಯ್ಕೆ ಇಟ್ಟರು: ತಟ್ಟೆ ಹಿಂದಿರುಗಿಸಿ ಪೂರ್ತಿ ಹಣ ಪಡೆಯಿರಿ, ಇಲ್ಲವೇ ತಟ್ಟೆ ಇಟ್ಟುಕೊಂಡು ಒಂದಿಷ್ಟು ಹಣವನ್ನೋ ಕೂಪನ್ನನ್ನೋ ತೆಗೆದುಕೊಳ್ಳಿ. ಮಡಿ ಕೆಟ್ಟ ತಟ್ಟೆಯನ್ನು ಮನೆಯಲ್ಲಿಟ್ಟುಕೊಂಡು, ಮಡಿ ಕೆಡಿಸಿದವರ ಅಂಗಡಿಗೇ ಮತ್ತೆ ಹೋಗಲು ರಿಯಾಯಿತಿ! ಕೂಪನ್ ಆಯ್ದವರಿಗೆ ಒಂದೇ ಸಲಹೆ: ಮಡಚಬೇಡಿ, ಬಳಸಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ಮೊದಲ ಮುದ್ರಣದ್ದು ಇನ್ನು ಹತ್ತು ವರ್ಷಕ್ಕೆ ಒಳ್ಳೆಯ ಬೆಲೆಗೆ ಹೋಗುತ್ತದೆ, ಓಬಿ ಇದ್ದರೆ ಇನ್ನೂ ಮೇಲೆ.