ಗೌರಿಬಿದನೂರನ್ನೇ ಮರೆತುಬಿಟ್ರಲ್ಲ!

ಸೂರ್ಯನನ್ನ ಅಧ್ಯಯನ ಮಾಡೋ ಭಾರತದ ನೌಕೆ ಆದಿತ್ಯ-ಎಲ್1 ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಅದರಲ್ಲಿರೋ ‘ಗ್ರಹಣ ಬಿಟ್ರೆ ಕರೋನಾ (ಸೂರ್ಯನ ಹೊರ ವಾತಾವರಣ) ನೋಡೋಕೆ ಬಾಹ್ಯಾಕಾಶವೇ ಗತಿ’ ಅನ್ನೋದು ಪೂರ್ತಿ ಸರಿಯಲ್ಲ ಸ್ವಾಮಿ. 15 ಲಕ್ಷ ಕಿ.ಮೀ. ದೂರದಲ್ಲಿರೋ ಆದಿತ್ಯದ ವಿಇಎಲ್‌ಸಿ ಉಪಕರಣ ಸೂರ್ಯಬಿಂಬದ ಬೆಳಕನ್ನ ಬೇರ್ಪಡಿಸಿ, ಅಂಚಿನಾಚೆಯ ಕರೋನಾ ಮಾತ್ರ ನೋಡುತ್ತೆ. ಬಿಂಬದ ಮುಂದೆಯೇ ಇರೋ ಕರೋನಾ ಅದಕ್ಕೆ ಕಾಣಲ್ಲ. ಆದರೆ ಸೂರ್ಯನ ಚಿತ್ರವನ್ನ ರೇಡಿಯೋ ಅಲೆಗಳಲ್ಲಿ ತೆಗೆಯೋ ನಮ್ಮ ಗೌರಿಬಿದನೂರಿನ ರೇಡಿಯೋ ಹೀಲಿಯೋಗ್ರಾಫ್‌ಗೆ ಕಾಣುತ್ತೆ! ಅದು ಹಿಡಿಯೋ ಕಡಿಮೆ ಕಂಪನಾಂಕದ ರೇಡಿಯೋ ಅಲೆಗಳು ಹೊರಡೋದೇ ಕರೋನಾದಿಂದ, ಕೆಳಗಿನ ಪದರದಿಂದಲ್ಲ. ಮೋಡ ಕವಿದರೂ ಅಡ್ಡಿಯಿಲ್ಲ. ಬಯಲಲ್ಲಿ ಅದರ ಆಂಟೆನಾಗಳು ಹಳೇ ಟಿವಿ ಆಂಟೆನಾ ಥರ ಸಾಲಾಗಿ ನಿಂತಿವೆ ಅಷ್ಟೇ, ನೋಡಿದವರು ದೂರದರ್ಶಕ ಅಂತ ನಂಬಲ್ಲ. ವಿಇಎಲ್‌ಸಿ ಕಟ್ಟಿದ್ದೂ, ಈ ವೀಕ್ಷಣಾಲಯ ನಡೆಸೋದೂ ಒಂದೇ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಮುಂದಿನ ಸಲ ಎರಡೂ ಚಿತ್ರ ಪಕ್ಕಪಕ್ಕ ಹಾಕಿ.