ಸತ್ಯಾಂಶ: ಒತ್ತಿ ಹಿಡಿದರೆ ಮೊಬೈಲ್ ಲೂಡೋದಲ್ಲಿ ಆರು ಬೀಳುತ್ತದೆಯೇ?

‘ದಾಳವನ್ನು ಮೂರು ಸೆಕೆಂಡ್ ಒತ್ತಿ ಹಿಡಿದು ಬಿಟ್ಟರೆ ಆರು ಗ್ಯಾರಂಟಿ’ ಎಂಬ ಸಂದೇಶ ಹಾಸನ, ಸಕಲೇಶಪುರದ ಕಡೆಯ ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು.

ಬೇರೆ ಬೇರೆ ಊರಿನವರು ಸೇರಿ ಆಡುವ ಲೂಡೋದಲ್ಲಿ ಗರವನ್ನು ಸಾಮಾನ್ಯವಾಗಿ ಸರ್ವರ್ (ಆಟ ನಡೆಸುವ ಕಂಪನಿಯ ಕಂಪ್ಯೂಟರ್) ನಿರ್ಧರಿಸುತ್ತದೆ. ನಿಮ್ಮ ಬೆರಳು ಕಳಿಸುವುದು ‘ಹಾಕು’ ಎಂಬ ಸೂಚನೆ ಮಾತ್ರ. ಪರದೆಯ ಮೇಲೆ ಉರುಳುವ ದಾಳ ಬರೀ ಚಿತ್ರ.

ಹಾಗಾದರೆ ಒಬ್ಬರಿಗೆ ಎಷ್ಟು ಹಾಕಿದರೂ ಆರು ಬೀಳುವುದಿಲ್ಲವೇಕೆ? ಲೆಕ್ಕ ನೋಡಿ. ಸರಿಯಾದ ದಾಳವನ್ನೇ ಹತ್ತು ಸಲ ಹಾಕಿದರೂ ಒಮ್ಮೆಯೂ ಆರು ಬೀಳದಿರುವ ಸಾಧ್ಯತೆ ಸುಮಾರು ಶೇ 16. ನಾಲ್ವರು ತಲಾ ಹತ್ತು ಸಲ ಹಾಕಿದಾಗ ಅವರಲ್ಲಿ ಒಬ್ಬರಿಗಾದರೂ ಹೀಗಾಗುವ ಸಾಧ್ಯತೆ ಸುಮಾರು ಶೇ 50! ಅಂದರೆ ಆರು ಬಿದ್ದರೆ ಮಾತ್ರ ಕಾಯಿ ಏಳುವ ಆಟದಲ್ಲಿ, ಹೆಚ್ಚುಕಡಿಮೆ ಎರಡು ಆಟಕ್ಕೊಮ್ಮೆ ಯಾರದೋ ಕಾಯಿ ಮೊದಲ ಹತ್ತು ಗರಗಳಲ್ಲಿ ಮನೆ ಬಿಟ್ಟು ಏಳುವುದೇ ಇಲ್ಲ. ಅದು ಮೋಸವಲ್ಲ.

ಅನುಮಾನವಿದ್ದರೆ ಸತತ 60 ಗರ ಬರೆದಿಡಿ. ಆರು 5ರಿಂದ 15 ಸಲ ಬಿದ್ದಿದ್ದರೆ ಸಹಜ. ಸೋತ ಆಟದ್ದನ್ನಷ್ಟೇ ಎಣಿಸಬೇಡಿ.

ಮಲೆನಾಡಿನಲ್ಲಿ ನಿಜವಾಗಿ ಕಾಡುವುದು ನೆಟ್‌ವರ್ಕ್. ಸಿಗ್ನಲ್ ಹೋದರೆ ಸಮಯ ಮೀರಿ ಸರದಿ ತಪ್ಪುತ್ತದೆ, ಇಲ್ಲವೇ ಆ್ಯಪ್ ತಾನೇ ಕಾಯಿ ನಡೆಸುತ್ತದೆ. ‘ಆರು ಬೀಳಿಸುವ’ ಎಪಿಕೆ ಫೈಲ್ (ಆ್ಯಪ್ ಅನ್ನು ನೇರವಾಗಿ ಫೋನಿಗೆ ಹಾಕುವ ಫೈಲ್) ಯಾರೇ ಕಳಿಸಲಿ, ದಯವಿಟ್ಟು ಇನ್‌ಸ್ಟಾಲ್ ಮಾಡಬೇಡಿ. ಅಂಥವು ಎಸ್‌ಎಂಎಸ್ ಓದುವ ಅನುಮತಿ ಪಡೆದು ಒಟಿಪಿ ಕದಿಯಬಹುದು.