ಬಿಳಿ ಬೆಳಕಿನಲ್ಲಿ ಬಣ್ಣಗೆಟ್ಟ ನಡುಮನೆ

ನಮ್ಮ ನಡುಮನೆಯಲ್ಲಿದ್ದ 60 ವ್ಯಾಟಿನ ಹಳದಿ ಬಲ್ಬನ್ನು ತೆಗೆದು 6500 ಕೆಲ್ವಿನ್‌ನ (ಇದು ಬೆಳಕಿನ ಬಣ್ಣದ ಅಳತೆ; ಅಂಕಿ ಕಡಿಮೆಯಿದ್ದರೆ ಹಳದಿ, ಹೆಚ್ಚಿದರೆ ನೀಲಿ ಬೆರೆತ ಬಿಳಿ) ಎಲ್‌ಇಡಿ ಟ್ಯೂಬ್‌ಲೈಟ್ ಹಾಕಿಸಿದ ದಿನದಿಂದ, ಅಜ್ಜಿಯ ಕಾಲದ ರೆಡ್ ಆಕ್ಸೈಡ್ ನೆಲ ಒಣಗಿದ ಇಟ್ಟಿಗೆಯಂತೆಯೂ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯ ದೀಪಗಳು ತಗಡಿನಂತೆಯೂ ಕಾಣತೊಡಗಿರುವುದು ನನಗೆ ನಿಜಕ್ಕೂ ಸಂಕಟ ತಂದಿದೆ. ಹಳೆಯ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್‌ನದು. ಅದರಲ್ಲಿ ಕೆಂಪು ಹೆಚ್ಚಿದ್ದುದರಿಂದಲೇ ನೆಲವೂ ಹಿತ್ತಾಳೆಯೂ ಒಳಗಿನಿಂದ ಬೆಚ್ಚಗಾದಂತೆ ತೋರುತ್ತಿದ್ದವು. ಅಗ್ಗದ ಬಿಳಿ ಎಲ್‌ಇಡಿಯಲ್ಲಿ ನೀಲಿ ಹೆಚ್ಚು, ಕಡುಗೆಂಪು ತೀರ ಕಡಿಮೆ. ವಿದ್ಯುತ್ ಉಳಿಸಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಹೆಚ್ಚುಕಡಿಮೆ ಅಷ್ಟೇ ವಿದ್ಯುತ್ತಿನಲ್ಲಿ ಉರಿಯುವ ಹಳದಿ ಎಲ್‌ಇಡಿಯನ್ನು ಕೇಳಿದರೆ, ಅಂಗಡಿಯವರು ‘ಅದು ಮಂಕು, ಯಾರೂ ಒಯ್ಯುವುದಿಲ್ಲ’ ಎಂದು ಮತ್ತೆ ಬಿಳಿಯದನ್ನೇ ಕೈಗಿಡುತ್ತಾರೆ. ಮುಸ್ಸಂಜೆ ದೇವರ ದೀಪ ಹಚ್ಚುವ ಹೊತ್ತಿಗಾದರೂ ಟ್ಯೂಬ್‌ಲೈಟ್ ಆರಿಸಿರೆಂದು ಮನೆಯವರನ್ನು ದಿನವೂ ಬೇಡಿಕೊಳ್ಳುತ್ತಿದ್ದೇನೆ.